ಕರಿ ಡಬ್ಬಿ ಹಾಕಿದ ಕಥೆ

ಕನ್ನಡ ಬಳಗದವರು "ಈ ಸಲ ಏನಾದ್ರೂ ಬರೀರಿ, ಆದರೆ ಪ್ರೇಮಕವನ ಬೇಡ, ಈಗಾಗಲೇ ರಾಶಿ ಬಿದ್ದಿವೆ" ಅಂತ ಮೆಸೇಜ್ ಹಾಕಿದ್ರು. ನಮಗೆ ಗೊತ್ತಿರೋದು ಒಂದೇ ವಿಷಯ, ಬೈಕು. ಅದರಲ್ಲೂ ಸರಿ ಮಾಡ್ತೀವಿ ಅಂತ ಹೋಗಿ ಇನ್ನಷ್ಟು ಕೆಡಿಸಿದ ಬೈಕು. ಬರೆಯೋಕೆ ನಾಚಿಕೆ ಆಗುತ್ತೆ, ಖರೆ. ಆದರೆ ಇಬ್ಬರು ಜೂನಿಯರ್‌ಗಳು ಈಗಾಗಲೇ ಬಂದು "ಅಣ್ಣಾ, ನಮ್ಮ ಗಾಡಿಗೂ ಆ ಡಬ್ಬಿ ಹಾಕಿಕೊಡ್ರಿ" ಅಂತ ಕೇಳಿದ್ದಾರೆ. ಒಬ್ಬೊಬ್ಬರಿಗೆ ಹೇಳುತ್ತಾ ಕೂರುವ ಬದಲು ಇಲ್ಲೇ ಬರೆದುಬಿಡೋಣ ಅಂತ ಕೂತಿದ್ದೀವಿ.

ಮೊದಲು "ನಾವು" ಅಂದ್ರೆ ಯಾರು ಅಂತ ಹೇಳಬೇಕು. ನಾಲ್ಕು ಜನ. ಹೆಸರು ಬೇಕಾಗಿಲ್ಲ, ಕ್ಲಾಸಿನಲ್ಲೂ ನಮ್ಮನ್ನು ಊರಿನ ಹೆಸರಿನಿಂದಲೇ ಕರೆಯೋದು. ಔರಾದ್ ಮತ್ತು ಬೀದರ್ ಮೆಕ್ಯಾನಿಕಲ್, ಭಾಲ್ಕಿ ಎಲೆಕ್ಟ್ರಾನಿಕ್ಸ್, ನೌಬಾದ್ ಕಂಪ್ಯೂಟರ್ ಸೈನ್ಸ್. "ಭಾಲ್ಕಿ ಊಟಕ್ಕ ಹೋಗ್ಯಾನ, ಔರಾದ್ ಇನ್ನಾ ಎದ್ದಿಲ್ಲ" ಅಂತ ಹಾಸ್ಟೆಲಿನಲ್ಲಿ ಯಾರಾದರೂ ಹೇಳಿದರೆ ಹೊಸಬರು ಒಂದು ಕ್ಷಣ ಕಣ್ಣು ಬಿಡ್ತಾರೆ. ನೌಬಾದ್ ಮಾತ್ರ ಮನೆಯಿಂದ ಕಾಲೇಜಿಗೆ ಬರುವವನು. ಅವನ ಮನೆ ಹಿಂದೆ ಒಂದು ತಗಡಿನ ಶೆಡ್ ಇದೆ. ಈ ಕಥೆ ಬಹುಪಾಲು ನಡೆದದ್ದು ಆ ಶೆಡ್ಡಿನಲ್ಲಿ.

ಬೈಕು ಔರಾದನದು. ನಿಜ ಹೇಳಬೇಕಂದ್ರೆ ಅವನ ಅಣ್ಣನದು. ಅಣ್ಣ ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಆಮೇಲೆ ಪುಣೆಯಲ್ಲಿ ಕೆಲಸ ಸಿಕ್ಕು ಕಂಪನಿ ಬಸ್ಸಿನಲ್ಲಿ ಓಡಾಡೋಕೆ ಶುರು ಮಾಡಿದ ಮೇಲೆ ಗಾಡಿ ತಮ್ಮನ ಪಾಲಿಗೆ ಬಂತು. ಒಂದೇ ಸಿಲಿಂಡರ್, 373 ಸಿಸಿ, ಮುಂದೆ ಬಗ್ಗಿ ಕೂರುವ ಸ್ಪೋರ್ಟ್ ಬೈಕು. ಕಂಪನಿ ಹೆಸರು ಹೇಳಲ್ಲ, ಕಿತ್ತಳೆ ಬಣ್ಣ ಅಂದ್ರೆ ನಿಮಗೇ ಗೊತ್ತಾಗುತ್ತೆ. ಮೊದಲಿನ ಮಾಲೀಕ ಕಂಪನಿಯ ಸೈಲೆನ್ಸರ್ ಕಿತ್ತು ಸದ್ದು ಮಾಡುವ ಸೈಲೆನ್ಸರ್ ಹಾಕಿಸಿದ್ದ. ಕಾಲೇಜಿನ ಗೇಟಿಗೆ ಔರಾದ್ ಬಂದ ಅಂದ್ರೆ ಲೈಬ್ರರಿಯಲ್ಲಿ ಕೂತವರಿಗೂ ಗೊತ್ತಾಗುತ್ತಿತ್ತು.

ಕಳೆದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಗಾಡಿ ತಕರಾರು ಶುರು ಮಾಡಿತು. ಮೂರು ಸಾವಿರ ಆರ್‌ಪಿಎಂ ಹತ್ತಿರ ಜರ್ಕ್ ಹೊಡೆಯೋದು, ಥ್ರಾಟಲ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಾಕಿ ಸದ್ದು, ಸಿಗ್ನಲ್ಲಿನಲ್ಲಿ ನಿಂತಲ್ಲೇ ಬಂದ್. ಎಂಜಿನ್ ಬಿಸಿ ತೊಡೆಗೆ ತಾಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ರೆ ತುದಿ ಬೆಳ್ಳಗೆ. ಪ್ಲಗ್ಗಿನ ತುದಿ ತಿಳಿ ಕಂದು ಇದ್ರೆ ಸರಿ, ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ರೆ ಪೆಟ್ರೋಲ್ ಕಡಿಮೆ ಅಂತ ನಾವು ಓದಿದ್ವಿ. ಅಂದ್ರೆ ಗಾಡಿ "ಲೀನ್" ಓಡ್ತಾ ಇದೆ. ರೋಗ ಸಿಕ್ಕಿಬಿಡ್ತು ಅಂತ ನಾವು ಚಪ್ಪಾಳೆ ತಟ್ಟಿದ್ವಿ.

ಇಲ್ಲಿ ಸ್ವಲ್ಪ ಥಿಯರಿ ಹೇಳ್ತೀವಿ, ಬೇಜಾರಾಗಬೇಡಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೂರ್ತಿ ಶಕ್ತಿ ಬೇಕಾದಾಗ ಪೆಟ್ರೋಲ್ ಇನ್ನೂ ಸ್ವಲ್ಪ ಜಾಸ್ತಿ ಕೊಡಬೇಕು, ಆಗ ಗಾಳಿ ಪಾಲು ಹದಿಮೂರರ ಆಸುಪಾಸಿಗೆ ಇಳಿಯುತ್ತೆ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲಿಗೆ ಒಂದಕ್ಕೆ ಒಂಬತ್ತರಷ್ಟು ಗಾಳಿ ಸಾಕು, ಹಾಗಾಗಿ ಬೆರಕೆ ಪೆಟ್ರೋಲಿನ ಲೆಕ್ಕ ಸುಮಾರು 13.5ಕ್ಕೆ ಬರುತ್ತೆ. ಅಂದ್ರೆ ಅಷ್ಟೇ ಗಾಳಿಗೆ ಮೊದಲಿಗಿಂತ ಹೆಚ್ಚು ಇಂಧನ ಬೇಕು. ಹಳೆ ಲೆಕ್ಕದಲ್ಲೇ ಇಂಧನ ಬಿದ್ದರೆ ಗಾಡಿ ಲೀನ್ ಆಗುತ್ತೆ.

ಕಾರ್ಬ್ಯುರೇಟರ್ ಕಾಲದಲ್ಲಿ ಇದಕ್ಕೆ ಮದ್ದು ಸರಳ. ಜೆಟ್ ಅನ್ನೋ ಹಿತ್ತಾಳೆ ತುಂಡು ಬದಲಾಯಿಸಿ ದೊಡ್ಡ ತೂತಿನದು ಹಾಕಿದ್ರೆ ಮುಗೀತು. ನಮ್ಮ ದೇಶದಲ್ಲಿ ಆ ಕಾಲ ಹೋಗಿ ಬಹಳ ದಿನ ಆಗಿಲ್ಲ. 2007ರಲ್ಲಿ ಇಂಜೆಕ್ಷನ್ ಇಟ್ಟುಕೊಂಡು ಬಂದ ಪಲ್ಸರ್ 220ನ್ನು 2009ರಲ್ಲಿ ಕಂಪನಿಯೇ ಮತ್ತೆ ಕಾರ್ಬ್ಯುರೇಟರಿಗೆ ಇಳಿಸಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಡಿಮೆ ಇಂಜೆಕ್ಷನ್ನಿಗೇ ಬಂದವು. ಈಗ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ತೀರ್ಮಾನ ಮಾಡೋದು ತೂತಲ್ಲ, ಇಸಿಯು. ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಇಟ್ಟಿರುತ್ತೆ, ಇಂಜೆಕ್ಟರ್ ಅನ್ನೋ ಸಣ್ಣ ನಲ್ಲಿಯನ್ನು ಇಸಿಯು ಇಷ್ಟು ಮಿಲಿಸೆಕೆಂಡ್ ತೆರೆದು ಮುಚ್ಚುತ್ತೆ. ಆರು ಸಾವಿರ ಆರ್‌ಪಿಎಂನಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದು ಪೂರ್ತಿ ಸುತ್ತಿಗೆ ಸಿಗೋದು 20 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲ ಕೆಲಸ ಆಗಬೇಕು.

ನಾವು ತರಿಸಿದ ಕರಿ ಡಬ್ಬಿ, ಅಂದ್ರೆ ಫ್ಯೂಯೆಲ್ ಕಂಟ್ರೋಲರ್, ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂರುತ್ತೆ. ಇಸಿಯು "ಮೂರು ಮಿಲಿಸೆಕೆಂಡ್ ತೆಗಿ" ಅಂದ್ರೆ ಇದು ಕೇಳಿಸಿಕೊಂಡು, ತನ್ನ ಕೋಷ್ಟಕ ನೋಡಿ, "ಶೇಕಡ 8 ಸೇರಿಸಿ" ಮುಂದೆ ಕಳಿಸುತ್ತೆ. ಇಸಿಯುಗೆ ಗೊತ್ತೇ ಆಗೋದಿಲ್ಲ. ಇಂಥ ಡಬ್ಬಿಗಳನ್ನು ಹೊರದೇಶದವರಷ್ಟೇ ಮಾಡ್ತಾರೆ ಅಂತ ನಾವು ತಿಳಿದಿದ್ವಿ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರು ಪವರ್‌ಟ್ರಾನಿಕ್ ಅಂತ ಮಾಡ್ತಾರೆ ಅನ್ನೋದು ಗೊತ್ತಾದ ದಿನ ಭಾಲ್ಕಿಗೆ ಎಲ್ಲಿಲ್ಲದ ಹುರುಪು ಬಂತು. ನಮ್ಮದು ಯಾವ ಕಂಪನಿಯ ಡಬ್ಬಿ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಅದು ತನ್ನ ಕೆಲಸ ಸರಿಯಾಗೇ ಮಾಡಿತು. ತಪ್ಪು ನಮ್ಮದು.

ದುಡ್ಡು ನಾಲ್ಕೂ ಜನ ಕೂಡಿಸಿದ್ವಿ. ಔರಾದ್ ಮೊದಲು ಬೇಡ ಅಂದ. "ಇರ್ಲಿ ಬಿಡ್ರೋ, ಹಿಂಗೇ ಓಡ್ಲತ್ತದಲ್ಲ" ಅಂದ. ಅವನಿಗೆ ದುಡ್ಡಿನ ಸಂಕೋಚ ಅಂತ ನಾವೇ ತಿಳಕೊಂಡು, ಅವನ ಪಾಲನ್ನೂ ನಾವೇ ಹಾಕಿದ್ವಿ. ಮಿನಿ ಪ್ರಾಜೆಕ್ಟಿಗೂ ಆಗುತ್ತೆ ಅನ್ನೋ ಆಸೆ ಬೇರೆ ಇತ್ತು.

ಶೆಡ್ಡಿನ ಪಕ್ಕದ ಓಣಿಯಲ್ಲಿ ಒಬ್ಬ ಹಳೆ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಉಸ್ತಾದ್ ಅಂತಾರೆ, ನಾವೂ ಹಾಗೇ ಅಂತೀವಿ. ನಲವತ್ತು ವರ್ಷದಿಂದ ಗಾಡಿ ರಿಪೇರಿ. ಟ್ಯಾಂಕ್ ಎತ್ತೋಕೆ ಅವರ ಟಿ ಸ್ಪ್ಯಾನರ್ ಸೆಟ್ ಕೇಳೋಕೆ ಹೋದಾಗ ಅವರೇ ನಡೆದು ಬಂದು ಗಾಡಿ ಸ್ಟಾರ್ಟ್ ಮಾಡಿ, ಕಿವಿಗೊಟ್ಟು ಕೇಳಿ, ಔರಾದನನ್ನು ಕೇಳಿದ್ರು.

"ಪೆಟ್ರೋಲ್ ಎಲ್ಲಿ ಹಾಕಸ್ತಿ ತಮ್ಮಾ?"

"ಬಂಕಿನ್ಯಾಗೇ ಉಸ್ತಾದ್."

"ಖರೇ?"

"ಹೌದ್ರಿ."

ಉಸ್ತಾದ್ ಸುಮ್ಮನೆ ತಲೆ ಆಡಿಸಿದ್ರು. "ಮೊದ್ಲ ಫಿಲ್ಟರ್ ಬಿಚ್ಚಿ ನೋಡ್ರಿ. ಆಮ್ಯಾಲ ನಿಮ್ಮ ಡಬ್ಬಿ ಕಟ್ರಿ" ಅಂದು ಹೋದ್ರು. ಅವರು ಹೋದ ಮೇಲೆ ನಾವು ನಕ್ವಿ. ಇದೇನು ಹಳೆ ಸ್ಪ್ಲೆಂಡರಾ ಫಿಲ್ಟರ್ ಊದಿ ಹಾಕೋಕೆ, ಇದರಲ್ಲಿ ಫಿಲ್ಟರ್ ಟ್ಯಾಂಕಿನೊಳಗೆ ಪಂಪಿನ ಜೊತೆ ಇರುತ್ತೆ, ಅದನ್ನು ಬಿಚ್ಚೋದು ದೊಡ್ಡ ಕೆಲಸ, ಉಸ್ತಾದರಿಗೆ ಇಂಜೆಕ್ಷನ್ ಗಾಡಿ ಗೊತ್ತಿಲ್ಲ ಅಂತ ನಮ್ಮ ನಮ್ಮಲ್ಲೇ ತೀರ್ಪು ಕೊಟ್ಕೊಂಡ್ವಿ. ಔರಾದ್ ಮಾತ್ರ ನಗಲಿಲ್ಲ. ಅದನ್ನು ನಾವು ಆಗ ಗಮನಿಸಲಿಲ್ಲ.

ಹಾಕಿದ ವಿಧಾನ ಹೇಳ್ತೀವಿ. ಭಾನುವಾರ ಬೆಳಿಗ್ಗೆ ಸೀಟ್ ತೆಗೆದ್ವಿ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದ್ವಿ, ಇದನ್ನು ಯಾರೂ ಮರೀಬೇಡಿ. ಟ್ಯಾಂಕಿನ ಬೋಲ್ಟ್ ಬಿಚ್ಚಿ, ಪೆಟ್ರೋಲ್ ಪೈಪಿನ ಕ್ಲಿಪ್ ಒತ್ತಿ ಬಿಡಿಸಿ, ಟ್ಯಾಂಕನ್ನು ಹಳೆ ರಜಾಯಿ ಮೇಲೆ ಮಲಗಿಸಿದ್ವಿ. ಥ್ರಾಟಲ್ ಬಾಡಿ ಹತ್ತಿರ ಇಂಜೆಕ್ಟರಿಗೆ ಎರಡು ವೈರಿನ ಕಪ್ಲರ್. ಅದನ್ನು ಬಿಡಿಸಿ, ಡಬ್ಬಿಯ ಎರಡು ಕಪ್ಲರ್‌ಗಳನ್ನು ನಡುವೆ ಸೇರಿಸಿದ್ವಿ. ಇನ್ನೊಂದು ಜೋಡಿ ಕಪ್ಲರ್ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರಿಗೆ. ಕರಿ ವೈರ್ ಬ್ಯಾಟರಿಯ ಮೈನಸ್ಸಿಗೆ ಅಂತ ಬರೆದಿತ್ತು. ಅಷ್ಟು ದೂರ ಯಾಕೆ ಅಂತ ಭಾಲ್ಕಿ ಅದನ್ನು ಹತ್ತಿರದ ಫ್ರೇಮ್ ಬೋಲ್ಟಿಗೆ ಕಟ್ಟಿದ. ಬೋಲ್ಟಿನ ಕೆಳಗೆ ಪೇಂಟ್ ಇತ್ತು, ಡಬ್ಬಿಯ ಲೈಟ್ ಒಮ್ಮೆ ಹತ್ತಿತು ಒಮ್ಮೆ ಆರಿತು. ಎಲೆಕ್ಟ್ರಾನಿಕ್ಸ್ ಹುಡುಗನಿಗೆ ಅರ್ಥಿಂಗ್ ಕಲಿಸಿದ ಪುಣ್ಯ ಆ ಪೇಂಟಿಗೆ ಸೇರಬೇಕು. ಕೊನೆಗೆ ಬ್ಯಾಟರಿಗೇ ಕಟ್ಟಿದ್ವಿ. ವೈರು ಟ್ಯಾಂಕಿನ ಅಡಿ ಸಿಕ್ಕಿ ಜಜ್ಜಬಾರದು, ಎಂಜಿನ್ ಬಿಸಿಗೆ ತಾಗಬಾರದು ಅಂತ ನೋಡಿ ನೋಡಿ ಟ್ಯಾಗ್ ಕಟ್ಟಿ, ಡಬ್ಬಿಯನ್ನು ಸೀಟಿನ ಕೆಳಗೆ ಎರಡು ಕಡೆ ಅಂಟುವ ಟೇಪಿನಿಂದ ಕೂರಿಸಿದ್ವಿ. ಮಧ್ಯಾಹ್ನ ಆಯ್ತು.

ಆಕ್ಸಿಜನ್ ಸೆನ್ಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಮುಂದೆ ಬೇಕಾಗುತ್ತೆ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಈ ಸೆನ್ಸರ್ ಇಸಿಯುಗೆ ವರದಿ ಕೊಡುತ್ತೆ. ಸುಮಾರು 0.45 ವೋಲ್ಟಿಗಿಂತ ಮೇಲಿದ್ದರೆ ಪೆಟ್ರೋಲ್ ಜಾಸ್ತಿ, ಕೆಳಗಿದ್ದರೆ ಕಡಿಮೆ. ನಿಧಾನವಾಗಿ ಒಂದೇ ಸಮ ಓಡುವಾಗ ಇಸಿಯು ಈ ವರದಿ ನೋಡಿ ತನ್ನ ಲೆಕ್ಕ ತಿದ್ದಿಕೊಳ್ಳುತ್ತೆ. ಎಥನಾಲ್ ಬೆರಕೆಯನ್ನೂ ಅದು ಹೀಗೇ ಎಷ್ಟೋ ಮಟ್ಟಿಗೆ ಸರಿದೂಗಿಸುತ್ತೆ. ಹಾಗಾಗಿ ನಾವು ನಡುವೆ ಕೂತು ಶೇಕಡ 8 ಸೇರಿಸಿದ್ರೆ ಅದು "ಜಾಸ್ತಿ ಆಯ್ತು" ಅಂತ ಅಷ್ಟನ್ನೇ ಕಳೆದುಬಿಡುತ್ತೆ. ನಮ್ಮ ಸೇವೆಯೆಲ್ಲ ದಂಡ. ಅದಕ್ಕೇ ಡಬ್ಬಿ ಸೆನ್ಸರಿನ ವರದಿಯನ್ನೂ ತಿದ್ದಿ ಕಳಿಸುತ್ತೆ, "ಎಲ್ಲ ಸರಿ ಇದೆ" ಅಂತ. ಆ ದಿನ ಇದು ನಮಗೆ ಬಹಳ ಜಾಣತನ ಅನ್ನಿಸಿತು.

ಸಂಜೆ ಸ್ಟಾರ್ಟ್ ಮಾಡಿದ್ವಿ. ಏನು ಹೇಳೋದು! ನಿಂತಲ್ಲಿ ಎಂಜಿನ್ ಒಂದೇ ಸಮ ಗುಡುಗುಡು. ರಿಂಗ್ ರೋಡಿನಲ್ಲಿ ಒಬ್ಬೊಬ್ಬರು ಒಂದೊಂದು ಸುತ್ತು ಹೊಡೆದ್ವಿ. ಜರ್ಕ್ ಇಲ್ಲ, ಪಟಾಕಿ ಇಲ್ಲ. ನೌಬಾದ್ ಲ್ಯಾಪ್‌ಟಾಪಿನಲ್ಲಿ ಕೋಷ್ಟಕ ತೆರೆದು, ಅಡ್ಡಕ್ಕೆ ಥ್ರಾಟಲ್, ಉದ್ದಕ್ಕೆ ಆರ್‌ಪಿಎಂ, ಒಂದೊಂದು ಮನೆಗೂ ಅಂಕಿ ತುಂಬಿ ಬಣ್ಣ ಹಚ್ಚಿದ. ಬೀದರ್ ಅದರ ಫೋಟೋ ಸ್ಟೇಟಸ್ ಹಾಕಿದ. ಉಸ್ತಾದರ ಅಂಗಡಿ ಮುಂದೆ ಎರಡು ಸಲ ಬೇಕಂತಲೇ ಹೋದ್ವಿ. ಅವರು ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದ್ರು.

ಎರಡು ವಾರ ಸುಖವಾಗಿತ್ತು. ಮೂರನೇ ವಾರ ಜರ್ಕ್ ಮತ್ತೆ ಸಣ್ಣದಾಗಿ ಬಂತು. ನಾವು 8 ಇದ್ದದ್ದನ್ನು 12 ಮಾಡಿದ್ವಿ. ಹೋಯ್ತು. ನೋಡಿದ್ರಾ, ನಮ್ಮ ಕೈಯಲ್ಲೇ ಇದೆ ಅಂದ್ವಿ. ಯಾಕೆ ಮತ್ತೆ ಬಂತು ಅಂತ ನಾಲ್ಕು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಒಬ್ಬನೂ ಕೇಳಲಿಲ್ಲ.

ಆ ಶನಿವಾರ ಸಂಜೆ ಲ್ಯಾಬ್ ಮುಗಿಸಿ ಔರಾದ್ ಊರಿಗೆ ಹೊರಟ. ಅವನು ವಾರಕ್ಕೊಮ್ಮೆ ಊರಿಗೆ ಹೋಗೇ ಹೋಗ್ತಾನೆ. ಹೊಲದ ಕೆಲಸ ಇರುತ್ತೆ, ಮನೆ ನೆನಪಾಗುತ್ತೆ, ಅಷ್ಟೇ ಅಂತ ನಾವು ತಿಳಿದಿದ್ವಿ. ರಾತ್ರಿ ಎಂಟರ ಸುಮಾರಿಗೆ ಫೋನ್ ಬಂತು. ಜನವಾಡ ದಾಟಿ ಸಂತಪೂರ ಬರೋಕೆ ಮೊದಲು ಗಾಡಿ ನಿಂತಿದೆ. ಸೆಲ್ಫ್ ತಿರುಗುತ್ತೆ, ಹತ್ತೋದಿಲ್ಲ. ಡಬ್ಬಿ ಬಿಡಿಸಿ ನೇರ ಕಪ್ಲರ್ ಹಾಕು ಅಂದ್ವಿ. ಮೊಬೈಲ್ ಬೆಳಕಿನಲ್ಲಿ ಅದನ್ನೂ ಮಾಡಿದ. ಆಗಲೂ ಹತ್ತಲಿಲ್ಲ.

"ಬಿಡು, ಅಲ್ಲೇ ಎಲ್ಲಾದ್ರೂ ಧಾಬಾದಾಗ ಗಾಡಿ ಹಚ್ಚಿ ಬಸ್ ಹಿಡಿ. ನಾಳೆ ನೋಡೋಣ" ಅಂದ ಬೀದರ್.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಔರಾದ್ ಮೆಲ್ಲಗೆ ಹೇಳಿದ. "ಬಸ್ಸಿಗೆ ಹೊತ್ತಾಗ್ತದೋ. ಅವ್ವಂದು ಇನ್ಸುಲಿನ್ ನನ್ನ ಬ್ಯಾಗಿನ್ಯಾಗದ. ಮನ್ಯಾಗ ಮುಂಜಾನಿಗೇ ಖಾಲಿ ಆಗ್ಯದ."

ನಾಲ್ಕು ವರ್ಷದ ಗೆಳೆತನ. ಒಂದೇ ತಟ್ಟೆಯಲ್ಲಿ ಉಂಡಿದ್ದೀವಿ. ಅವನ ಅವ್ವನಿಗೆ ಸಕ್ಕರೆ ಕಾಯಿಲೆ ಅನ್ನೋದು ಗೊತ್ತಿತ್ತು. ಪ್ರತಿ ಶನಿವಾರ ಅವನು ಬೀದರಿನ ಮೆಡಿಕಲ್ಲಿನಲ್ಲಿ ಔಷಧಿ ತಗೊಂಡು, ಸ್ಟೀಲ್ ಫ್ಲಾಸ್ಕಿನಲ್ಲಿ ಐಸ್ ಹಾಕಿ ಅದರಲ್ಲಿ ಇಟ್ಟುಕೊಂಡು ಹೋಗ್ತಾನೆ ಅನ್ನೋದು ಗೊತ್ತಿರಲಿಲ್ಲ. ಅವನ ಊರು ಔರಾದ್ ಪೇಟೆಯಿಂದ ಇನ್ನೂ ಒಳಗೆ. ಸಂಜೆ ಮೇಲೆ ಬಸ್ಸು ಇಲ್ಲ. ನಾವು "ಸ್ಪೋರ್ಟ್ ಬೈಕ್" ಅಂತ ಕರೆಯುತ್ತಿದ್ದದ್ದು ಆ ಮನೆಗೆ ಔಷಧಿ ಗಾಡಿ.

ನೌಬಾದನ ಅಪ್ಪನ ಸ್ಪ್ಲೆಂಡರ್ ತಗೊಂಡು ಇಬ್ಬರು ಹೊರಟ್ವಿ, ಹಾಸ್ಟೆಲಿನ ಒಬ್ಬರ ಗಾಡಿಯಲ್ಲಿ ಇನ್ನೊಬ್ಬ. ಚಳಿಗಾಲ ಶುರುವಾಗಿತ್ತು, ಕೈ ಮರಗಟ್ಟಿದ್ವು. ಅವನು ರಸ್ತೆ ಬದಿಯಲ್ಲಿ ಗಾಡಿ ನೂಕುತ್ತಾ ಬರ್ತಾ ಇದ್ದ. 160 ಕೆಜಿ ಮೇಲಿನ ಗಾಡಿ. ಫ್ಲಾಸ್ಕು ಬ್ಯಾಗಿನಲ್ಲಲ್ಲ, ಜಾಕೆಟಿನೊಳಗೆ ಎದೆಗೆ ಹಿಡಿದುಕೊಂಡಿದ್ದ. ಯಾಕೋ ಅಂದ್ರೆ "ನೂಕುವಾಗ ಬಿದ್ದೀತಂತ" ಅಂದ. ಗಾಡಿಯನ್ನು ಒಂದು ಪಂಕ್ಚರ್ ಅಂಗಡಿ ಮುಂದೆ ಬಿಟ್ಟು ಊರು ಮುಟ್ಟಿದಾಗ ರಾತ್ರಿ ಹತ್ತೂವರೆ.

ಅವ್ವ ಕಟ್ಟೆ ಮೇಲೆ ಕೂತಿದ್ರು. ಇನ್ಸುಲಿನ್ ಇಲ್ಲದೆ ಉಣ್ಣೋದು ಹೇಗೆ ಅಂತ ಮಧ್ಯಾಹ್ನದಿಂದ ಸರಿಯಾಗಿ ಉಂಡಿರಲಿಲ್ಲ. ಮಾತು ಸ್ವಲ್ಪ ತೊದಲುತ್ತಿತ್ತು. ಪಕ್ಕದ ಮನೆಯ ಅಕ್ಕ ಬಂದು ಸೂಜಿ ಹಾಕಿದ್ರು. ಅದಾದ ಮೇಲೆ ಅವ್ವ ಮೊದಲು ಕೇಳಿದ್ದು, "ಹುಡುಗ್ರು ಉಂಡಾರೇನು?" ಅಂತ. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಉಳ್ಳಾಗಡ್ಡಿ. ನಮಗೆ ತುತ್ತು ಇಳಿಯಲಿಲ್ಲ. ಆ ರಾತ್ರಿ ಏನೂ ಆಗಲಿಲ್ಲ. ಆದರೆ ಆಗಬಹುದಾಗಿತ್ತು ಅನ್ನೋದು ನಾಲ್ವರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಮಲಗುವ ಹೊತ್ತಿಗೆ ಅಂಗಳದಲ್ಲಿ ಔರಾದನೇ ಮಾತು ತೆಗೆದ. ಊರಲ್ಲಿ ಬಂಕ್ ಇಲ್ಲ. ವಾಪಸ್ ಬರೋವಾಗ ಪೆಟ್ರೋಲ್ ಸಾಲದೆ ಬಂದ್ರೆ ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲ್ ಹಾಕ್ತಾನೆ. ಕೆಲವು ಸಲ ಔಷಧಿ ಹೊಡೆಯುವ ಪಂಪಿಗೆ ಅಂತ ಅಪ್ಪ ಪ್ಲಾಸ್ಟಿಕ್ ಕ್ಯಾನಿನಲ್ಲಿ ಇಟ್ಟ ಪೆಟ್ರೋಲ್. ಅದರ ತಳದಲ್ಲಿ ಏನಿರುತ್ತೋ ದೇವರಿಗೇ ಗೊತ್ತು. "ಉಸ್ತಾದ್ ಕೇಳಿದಾಗ ನಿಮ್ಮ ಮುಂದ ಹೇಳ್ಲಾಕ ನಾಚ್ಕಿ ಆಯ್ತು. ಇಷ್ಟ ದೊಡ್ಡ ಗಾಡಿ ಇಟ್ಕೊಂಡು ನೂರು ರೂಪಾಯಿ ಬಾಟ್ಲಿ ಪೆಟ್ರೋಲ್ ಹಾಕ್ತಾನಂತ ನಗ್ತೀರಂತ" ಅಂದ.

ನಗ್ತಿದ್ವಿ. ಅದು ಖರೆ. ಅದೇ ನಮಗೆ ಹೆಚ್ಚು ಚುಚ್ಚಿದ್ದು.

ಮರುದಿನ ಗಾಡಿಯನ್ನು ಟಂಟಂನಲ್ಲಿ ಹಾಕಿಕೊಂಡು ನೌಬಾದಿಗೆ ತಂದ್ವಿ. ಈ ಸಲ ನೇರ ಉಸ್ತಾದರ ಮುಂದೆ ನಿಂತ್ವಿ. ಅವರು "ನಾ ಹೇಳಿದ್ದೆ" ಅನ್ನಲಿಲ್ಲ. ಪೆಟ್ರೋಲ್ ಪ್ರೆಷರ್ ನೋಡುವ ಗೇಜ್ ಅವರ ಹತ್ತಿರ ಇತ್ತು! ಇಂಜೆಕ್ಷನ್ ಗಾಡಿ ಗೊತ್ತಿಲ್ಲ ಅಂತ ನಾವು ತೀರ್ಪು ಕೊಟ್ಟ ಮನುಷ್ಯ, ಬಿಎಸ್ 6 ಬಂದ ವರ್ಷವೇ ಅದನ್ನು ಹೈದರಾಬಾದಿನಿಂದ ತರಿಸಿ ಇಟ್ಟಿದ್ರು. ಪೈಪಿನ ನಡುವೆ ಟಿ ಜಾಯಿಂಟ್ ಹಾಕಿ ಪಂಪ್ ಓಡಿಸಿದ್ರೆ ಮುಳ್ಳು 1.9 ಬಾರ್ ತೋರಿಸಿತು. ಇರಬೇಕಾದದ್ದು ಮೂರರ ಮೇಲೆ. ಪಂಪಿನ ಜೋಡಣೆ ಹೊರಗೆ ತೆಗೆದು ಫಿಲ್ಟರ್ ಬಿಚ್ಚಿದ್ರೆ ಒಳಗೆಲ್ಲ ಕಂದು ಕೆಸರು, ಸಣ್ಣ ಸಣ್ಣ ಪ್ಲಾಸ್ಟಿಕ್ ಎಳೆ. ಹೊಸ ಫಿಲ್ಟರ್ ಹಾಕಿ, ಟ್ಯಾಂಕ್ ತೊಳೆದು, ಹೊಸ ಪೆಟ್ರೋಲ್ ಹಾಕಿ ನೋಡಿದಾಗ 3.3.

ಆ ಸಂಜೆ ಲೆಕ್ಕ ಮಾಡಿದ್ವಿ. ಇಂಜೆಕ್ಟರಿನಿಂದ ಹೊರಬರುವ ಪೆಟ್ರೋಲ್ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತೆ. ಇದನ್ನು ಫ್ಲೂಯಿಡ್ ಮೆಕ್ಯಾನಿಕ್ಸಿನಲ್ಲಿ ಬರೆದು ಮಾರ್ಕ್ಸ್ ತಗೊಂಡವರು ನಮ್ಮಲ್ಲಿ ಇಬ್ಬರು. 1.9ನ್ನು 3.3ರಿಂದ ಭಾಗಿಸಿ ವರ್ಗಮೂಲ ತೆಗೆದ್ರೆ ಸುಮಾರು 0.76. ಅಂದ್ರೆ ಅಷ್ಟೇ ಮಿಲಿಸೆಕೆಂಡಿಗೆ ಕಾಲು ಭಾಗದಷ್ಟು ಪೆಟ್ರೋಲ್ ಕಡಿಮೆ ಬೀಳ್ತಾ ಇತ್ತು. ಶುರುವಿನಲ್ಲಿ ಫಿಲ್ಟರ್ ಇಷ್ಟು ಕಟ್ಟಿರಲಿಲ್ಲ, ಹಾಗಾಗಿ ನಾವು ಸೇರಿಸಿದ ಶೇಕಡ 8 ಅದನ್ನು ಮುಚ್ಚಿಹಾಕಿತು. ಕಟ್ಟಿಕೊಳ್ಳೋದು ಜಾಸ್ತಿ ಆದಾಗ 12 ಮಾಡಿ ಮತ್ತೆ ಮುಚ್ಚಿದ್ವಿ. ಕೊನೆಗೆ ಎಂಜಿನ್ ಹತ್ತುವಷ್ಟೂ ಪೆಟ್ರೋಲ್ ಬರದ ದಿನ ಡಬ್ಬಿ ಏನು ಮಾಡೀತು? ನಲ್ಲಿ ಎಷ್ಟು ಹೊತ್ತು ತೆರೆದಿಟ್ಟರೂ ಟಾಕಿಯಿಂದ ನೀರೇ ಬರದಿದ್ರೆ ಕೊಡ ತುಂಬೋದಿಲ್ಲ.

ಇನ್ನೂ ಒಂದು ಇದೆ. ಡಬ್ಬಿ ಇಲ್ಲದಿದ್ರೆ ಆಕ್ಸಿಜನ್ ಸೆನ್ಸರ್ ದಿನಾ "ಪೆಟ್ರೋಲ್ ಕಡಿಮೆ, ಪೆಟ್ರೋಲ್ ಕಡಿಮೆ" ಅಂತ ವರದಿ ಕೊಡುತ್ತಿತ್ತು. ಇಸಿಯು ತಿದ್ದಿ ತಿದ್ದಿ ತನ್ನ ಮಿತಿ ಮುಟ್ಟಿದ ಮೇಲೆ ಮೀಟರಿನಲ್ಲಿ ಹಳದಿ ಲೈಟ್ ಹಚ್ಚಬಹುದಿತ್ತು. ಊರ ದಾರಿಯ ಕತ್ತಲೆಯಲ್ಲಲ್ಲ, ಕಾಲೇಜಿನ ಪಾರ್ಕಿಂಗಿನಲ್ಲೇ ನಮಗೆ ಗೊತ್ತಾಗಬಹುದಿತ್ತು. ಆ ವರದಿಗೇ ನಾವು "ಎಲ್ಲ ಸರಿ ಇದೆ" ಅಂತ ಮುಚ್ಚಳ ಹಾಕಿದ್ವಿ. ದೂರು ಹೇಳುವ ಒಬ್ಬನ ಬಾಯಿಗೆ ಬಟ್ಟೆ ತುರುಕಿದ್ವಿ. ಇನ್ನೊಬ್ಬ, ನಮ್ಮ ಗೆಳೆಯ, ನಮ್ಮ ನಗುವಿಗೆ ಹೆದರಿ ತಾನೇ ಬಾಯಿ ಮುಚ್ಚಿದ್ದ.

ಗೇಜ್ ವಾಪಸ್ ಕೊಡೋಕೆ ಹೋದಾಗ ಉಸ್ತಾದ್ ಚಹಾ ತರಿಸಿದ್ರು. ಅವರು ಹೇಳಿದ್ದು ಬೈಕಿನ ಮಾತಲ್ಲ, ಕರೇಜಿನ ಮಾತು. ನೌಬಾದಿನ ಕರೇಜ್, ಸುರಂಗ ಬಾವಿ, ನಿಮಗೆಲ್ಲ ಗೊತ್ತು. ಬಹಮನಿ ಸುಲ್ತಾನರ ಕಾಲದ, 15ನೇ ಶತಮಾನದ ಕೆಲಸ. ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ನೆಲದಡಿ ಸುರಂಗ ಕೊರೆದು, ಸಣ್ಣ ಇಳಿಜಾರು ಕೊಟ್ಟು, ಪಂಪಿಲ್ಲದೆ ನೀರು ಹರಿಸಿದ ಊರು ನಮ್ಮದು. ನಡುನಡುವೆ ಗಾಳಿಗೆ, ಒಳಗೆ ಇಳಿಯೋಕೆ ಬಾವಿಯಂಥ ಬಾಯಿಗಳು. ಆ ಬಾಯಿಗಳು ಎಷ್ಟೋ ವರ್ಷ ಕಸ, ಮಣ್ಣು ತುಂಬಿ ಮುಚ್ಚಿದ್ವು. ಕೆಲವು ವರ್ಷಗಳ ಹಿಂದೆ ಹೂಳು ತೆಗೆದಾಗ ಒಳಗೆ ನೀರು ಇನ್ನೂ ಇತ್ತು.

"ನೀರ ಕಡಿಮಿ ಆದ್ರ ಉದ್ದ ಹಗ್ಗ ತರ್ತಾರೇನು?" ಅಂದ್ರು ಉಸ್ತಾದ್. "ಒಳಗ ಇಳಿದು ಹೂಳ ತೆಗೀಬೇಕು ಬೇಟಾ. ಕೈ ಹೊಲಸಾಗ್ತಾವ. ಅದಕ್ಕೇ ಯಾರೂ ಇಳಿಯಂಗಿಲ್ಲ."

ನಾವು ನಾಲ್ವರೂ ಚಹಾದ ಲೋಟ ನೋಡುತ್ತಾ ಕೂತ್ವಿ.

ಈಗ ಗಾಡಿಯ ಸ್ಥಿತಿ ಹೇಳಿ ಮುಗಿಸ್ತೀವಿ. ಗುಜರಿಯಲ್ಲಿ ಹುಡುಕಿ ಕಂಪನಿಯ ಸೈಲೆನ್ಸರ್ ತಂದು ಮತ್ತೆ ಹಾಕಿದ್ವಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸೋ ಹಾಗಿಲ್ಲ, ಅದನ್ನು ಮೊದಲೇ ಓದಬೇಕಿತ್ತು. ಡಬ್ಬಿ ಬಿಚ್ಚಿದ್ವಿ. ಕಂಪನಿಯ ಸೈಲೆನ್ಸರ್, ಹೊಸ ಫಿಲ್ಟರ್ ಇದ್ದ ಮೇಲೆ ಅದರ ಕೆಲಸವೇ ಇರಲಿಲ್ಲ. ಬೆರಕೆ ಪೆಟ್ರೋಲಿನಲ್ಲೂ ಗಾಡಿ ಜರ್ಕ್ ಇಲ್ಲದೆ ಓಡ್ತಾ ಇದೆ. ಪ್ಲಗ್ ತಿಳಿ ಕಂದು. ಡಬ್ಬಿ ಹಾಕೋದೇ ತಪ್ಪು ಅಂತ ನಾವು ಹೇಳ್ತಾ ಇಲ್ಲ. ರೇಸ್ ಟ್ರ್ಯಾಕಿನಲ್ಲಿ, ಸುಸ್ಥಿತಿಯ ಎಂಜಿನ್ನಿಗೆ, ಅಳೆದು ನೋಡಿ ಹಾಕುವವರು ಇದ್ದಾರೆ. ನಾವು ಅಳೆಯದೆ ಹಾಕಿದ್ವಿ.

ಔರಾದನ ಮನೆಗೆ ಈಗ ಎರಡು ವಾರದ ಔಷಧಿ ಒಮ್ಮೆಗೇ ಹೋಗುತ್ತೆ. ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಒಂದು ಜಾಗ ಕೇಳಿಕೊಂಡಿದ್ದಾರೆ. ಇದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ, ಅಥವಾ ಕೇಳೋಕೆ ಅವನಿಗೆ ನಾಚಿಕೆ ಇತ್ತು. ಬರೋವಾಗ ಅವನು ಔರಾದಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರ್ತಾನೆ. ದುಡ್ಡು ಕಡಿಮೆ ಇದ್ದ ವಾರ ಮುಂಚೆನೇ ಹೇಳ್ತಾನೆ. ನಾವು ನಗೋದಿಲ್ಲ.

ಡಬ್ಬಿ ಭಾಲ್ಕಿಯ ಮೇಜಿನ ಮೇಲೆ ಇದೆ. ಜೂನಿಯರ್‌ಗಳೇ, ಬೇಕಾದ್ರೆ ಬಂದು ನೋಡಿ, ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿ ತೋರಿಸ್ತೀವಿ. ಗಾಡಿಗೆ ಹಾಕಿ ಅಂದ್ರೆ ಮಾತ್ರ ನಾವು ಮೊದಲು ಮೂರು ಪ್ರಶ್ನೆ ಕೇಳ್ತೀವಿ. ಪ್ರೆಷರ್ ಎಷ್ಟಿದೆ? ಪೆಟ್ರೋಲ್ ಎಲ್ಲಿ ಹಾಕಿಸ್ತೀರಿ? ಈ ಗಾಡಿ ಯಾರಿಗೋಸ್ಕರ ಓಡುತ್ತೆ? ಮೂರಕ್ಕೂ ಖರೆ ಉತ್ತರ ಹೇಳ್ರಿ. ಗೇಜ್ ಉಸ್ತಾದರ ಹತ್ತಿರ ಇದೆ, ಕೇಳಿದ್ರೆ ಕೊಡ್ತಾರೆ. ಚಹಾದ ದುಡ್ಡು ಮಾತ್ರ ನೀವೇ ಕೊಡಬೇಕು.